ಕೋಲ್ಡ್ ಸ್ಟೋರೇಜ್‌ನ 190 ಕಿಲೋ ಆರ್-22 ಗ್ಯಾಸನ್ನು ಬೇಗ ರಿಕವರಿ ಮಾಡುವುದು ಹೇಗೆ?

ವಿಜಯಪುರದ ಶೈತ್ಯಮಿತ್ರ (ಪ್ರಶ್ನೆ)

ಎಲ್ಲರಿಗೂ ಶರಣು. ನಾನು ಹನ್ನೆರಡು ವರ್ಷಗಳಿಂದ ವಿಜಯಪುರದ ಸುತ್ತಮುತ್ತಲಿನ ಶೀತಲಗೃಹಗಳ ದುರಸ್ತಿ ಕೆಲಸ ಮಾಡಿಕೊಂಡು ಬಂದಿದ್ದೇನೆ. ಈಗ ಊರ ಹೊರಗಿನ ಒಂದು ಮಣೂಕದ (ಒಣದ್ರಾಕ್ಷಿಯ) ಕೋಲ್ಡ್ ಸ್ಟೋರೇಜ್‌ನಲ್ಲಿ ಆರ್-22 ಎಂಬ ತಂಪುಗ್ಯಾಸಿನಿಂದ ಓಡುವ ಹಳೆಯ ಯಂತ್ರಗಳನ್ನು ತೆಗೆದು ಹೊಸವನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಲ್ಲಿ ಎರಡು ಬೇರೆ ಬೇರೆ ಸರ್ಕ್ಯೂಟ್‌ಗಳಿವೆ. ಚಿಕ್ಕದರಲ್ಲಿ ಸುಮಾರು 70 ಕಿಲೋ, ದೊಡ್ಡದರಲ್ಲಿ ಸುಮಾರು 190 ಕಿಲೋ ಗ್ಯಾಸ್ ತುಂಬಿದ್ದಾಗಿ ಸಾಹುಕಾರರ ಹಳೆಯ ವಹಿಯಲ್ಲಿ ಬರೆದಿದೆ.

ಕಳೆದ ವಾರ ಚಿಕ್ಕ ಸರ್ಕ್ಯೂಟಿನ ಗ್ಯಾಸನ್ನು ರಿಕವರಿ ಮಾಡಿದೆವು, ಅಂದರೆ ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದು ತುಂಬಿಕೊಂಡೆವು. ಅದಕ್ಕೇ ಪೂರ್ತಿ ಎರಡು ದಿನ ಹಿಡಿಯಿತು. ನನ್ನ ಬಳಿ ಇರುವುದು ಸಾಮಾನ್ಯ ಕೈಯಲ್ಲಿ ಎತ್ತಿಕೊಂಡು ಹೋಗುವ ರಿಕವರಿ ಮಷಿನ್. ಗೇಜ್ ಮ್ಯಾನಿಫೋಲ್ಡಿನ (ಒತ್ತಡ ತೋರಿಸುವ ಗೇಜುಗಳಿರುವ ಕವಲಿನ) ಮೂಲಕ ಕಾಲು ಇಂಚಿನ ಹೋಸ್‌ಗಳನ್ನು ಹಚ್ಚಿ, ಸಕ್ಷನ್ ಕಡೆಯ (ಕಂಪ್ರೆಸರ್ ಗ್ಯಾಸನ್ನು ಎಳೆದುಕೊಳ್ಳುವ ಕಡೆಯ) ಸರ್ವಿಸ್ ಪೋರ್ಟಿನಿಂದ ಎಳೆದೆವು. ಮೊದಲ ಒಂದು ತಾಸು ತೂಕ ಚೆನ್ನಾಗಿಯೇ ಏರಿತು, ಆಮೇಲೆ ಕಾಟಾದ ಮೇಲಿನ ಅಂಕಿ ಅಲುಗಾಡಲೇ ಇಲ್ಲವೆನ್ನುವಷ್ಟು ನಿಧಾನವಾಯಿತು. ಮಧ್ಯಾಹ್ನದ ಹೊತ್ತಿಗೆ ರಿಸೀವರಿನ (ದ್ರವ ಗ್ಯಾಸ್ ಕೂಡುವ ಟಾಂಕಿಯ) ಕೆಳಭಾಗಕ್ಕೆ ಬಿಳಿಯ ಹಿಮ ಕಟ್ಟಿತ್ತು, ರಿಕವರಿ ಸಿಲಿಂಡರ್ ಮಾತ್ರ ಕೈ ಇಡಲಾಗದಷ್ಟು ಕಾಯ್ದಿತ್ತು, ಮಷಿನ್ ಎರಡು ಸಲ ಹೈ ಪ್ರೆಶರಿನಿಂದ ತಾನಾಗಿ ನಿಂತಿತು.

ದೊಡ್ಡ ಸರ್ಕ್ಯೂಟಿಗೂ ಇದೇ ಲೆಕ್ಕವಾದರೆ ಒಂದು ವಾರ ಅದರಲ್ಲೇ ಕಳೆಯುತ್ತದೆ. ಹೊಸ ಮಣೂಕ ಶೆಡ್ಡುಗಳಿಂದ ಬರುವುದಕ್ಕೆ ಶುರುವಾಗುವ ಮೊದಲು ಹೊಸ ಯಂತ್ರಗಳು ಓಡುತ್ತಿರಬೇಕು, ಇಲ್ಲವಾದರೆ ರೈತರು ಮಾಲನ್ನು ಬೇರೆ ಕಡೆಗೆ ಒಯ್ಯುತ್ತಾರೆಂದು ಸಾಹುಕಾರರು ಆತುರಪಡುತ್ತಿದ್ದಾರೆ. ಅವರ ಆತುರ ತಪ್ಪೇನಲ್ಲ. ಜೊತೆಗಿದ್ದ ಒಬ್ಬರು, ಇಷ್ಟೆಲ್ಲ ಏಕೆ, ರಾತ್ರಿ ವಾಲ್ವ್ ತೆರೆದು ಬಯಲಿಗೆ ಬಿಟ್ಟುಬಿಡಿ ಎಂದರು. ಅದನ್ನು ನಾನು ಮಾಡುವುದಿಲ್ಲ. ಆರ್-22 ಓಝೋನ್ ಪದರವನ್ನು ತಿನ್ನುವ ಅನಿಲವೆಂಬುದು ಒಂದು ಮಾತಾದರೆ, ಅದರ ಒಂದು ಕಿಲೋ ವಾತಾವರಣಕ್ಕೆ ಸೇರಿದರೆ 1,810 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯನ್ನು ನೂರು ವರ್ಷಗಳ ಅವಧಿಯಲ್ಲಿ ಹಿಡಿದಿಡುತ್ತದೆ ಎಂಬುದು ಇನ್ನೊಂದು. ಆ ಲೆಕ್ಕದಲ್ಲಿ 190 ಕಿಲೋ ಎಂದರೆ ಸುಮಾರು 344 ಟನ್. ಅಷ್ಟನ್ನು ಒಂದು ರಾತ್ರಿಯ ಅನುಕೂಲಕ್ಕಾಗಿ ಗಾಳಿಗೆ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಇಷ್ಟೇ. ಇದಕ್ಕಿಂತ ದೊಡ್ಡ ರಿಕವರಿ ಮಷಿನನ್ನು ಸಾಲ ಮಾಡಿಯಾದರೂ ಕೊಳ್ಳಬೇಕೆ, ಅಥವಾ ಇದ್ದ ಮಷಿನ್ನಿನಲ್ಲಿಯೇ ಬೇಗ ಮುಗಿಸುವ ದಾರಿ ಇದೆಯೆ?

ಬೆಳಗಾವಿ ಚಿಲ್ಲರ್ (ಉತ್ತರ)

ಶರಣು. ದಯವಿಟ್ಟು ಈಗಲೇ ಹೊಸ ಮಷಿನ್ ಕೊಳ್ಳಬೇಡಿ. ನೀವು ಬರೆದ ಲಕ್ಷಣಗಳಲ್ಲಿಯೇ ಉತ್ತರವಿದೆ: ರಿಸೀವರಿಗೆ ಹಿಮ ಕಟ್ಟಿತ್ತು, ಸಿಲಿಂಡರ್ ಕಾಯ್ದಿತ್ತು. ಅಂದರೆ ತಣ್ಣಗಿರಬೇಕಾದದ್ದು ಬಿಸಿಯಾಗಿತ್ತು, ಬೆಚ್ಚಗಿರಬೇಕಾದದ್ದು ತಣ್ಣಗಾಗಿತ್ತು. ಅಂಥ ಸ್ಥಿತಿಯಲ್ಲಿ ಎರಡು ಪಟ್ಟು ದೊಡ್ಡ ಮಷಿನ್ ಹಚ್ಚಿದರೂ ಹಿಮ ಇನ್ನಷ್ಟು ಬೇಗ ಕಟ್ಟುತ್ತಿತ್ತೇ ಹೊರತು ಕೆಲಸ ಅರ್ಧ ಸಮಯದಲ್ಲಿ ಮುಗಿಯುತ್ತಿರಲಿಲ್ಲ.

ನೀವು ಗ್ಯಾಸನ್ನು ಆವಿಯ ರೂಪದಲ್ಲಿ ಎಳೆದಿದ್ದೀರಿ. ಒಳಗಿರುವುದರಲ್ಲಿ ಹೆಚ್ಚಿನ ಪಾಲು ದ್ರವ. ಆ ದ್ರವ ಆವಿಯಾಗಿ ಹೊರಬರಬೇಕಾದರೆ ಕಿಲೋ ಒಂದಕ್ಕೆ ಸುಮಾರು 190 ಕಿಲೋಜೂಲ್ ಉಷ್ಣ ಬೇಕು. ನೂರು ಕಿಲೋ ಕುದಿಸುವುದಕ್ಕೆ ಬೇಕಾಗುವ ಉಷ್ಣವನ್ನು ವಿದ್ಯುತ್ತಿನ ಲೆಕ್ಕಕ್ಕೆ ತಂದರೆ ಐದು ಯೂನಿಟ್ ದಾಟುತ್ತದೆ. ಆ ಉಷ್ಣವನ್ನು ಯಾರೂ ಕೊಡದಿದ್ದಾಗ ದ್ರವವು ತನ್ನ ಮೈಯಿಂದಲೂ ರಿಸೀವರಿನ ಕಬ್ಬಿಣದಿಂದಲೂ ಅದನ್ನು ತೆಗೆದುಕೊಳ್ಳುತ್ತದೆ, ತಣ್ಣಗಾಗುತ್ತದೆ, ಅದರ ಒತ್ತಡ ಇಳಿಯುತ್ತದೆ. ಮಷಿನ್ನಿನ ಪಿಸ್ಟನ್ ಪ್ರತಿ ಸಲವೂ ಅಷ್ಟೇ ಜಾಗದ ಆವಿಯನ್ನು ಎಳೆಯುತ್ತದೆ. ಆದರೆ ಒತ್ತಡ ಇಳಿದಂತೆ ಆ ಜಾಗದಲ್ಲಿರುವ ಗ್ಯಾಸಿನ ತೂಕ ಕಡಿಮೆಯಾಗುತ್ತ ಹೋಗುತ್ತದೆ. 30 ಡಿಗ್ರಿಯಲ್ಲಿ ದ್ರವದ ಮೇಲೆ ನಿಂತ ಆರ್-22 ಆವಿ ಒಂದು ಘನ ಮೀಟರಿಗೆ ಸುಮಾರು 50 ಕಿಲೋ ತೂಗುತ್ತದೆ. ಅದೇ ಆವಿ ಗೇಜಿನಲ್ಲಿ ಸೊನ್ನೆಗೆ ಬಂದಾಗ ಮೂರೂವರೆ ಕಿಲೋ ಮಾತ್ರ. ಮಷಿನ್ ಅಷ್ಟೇ ಸದ್ದು ಮಾಡುತ್ತಿದ್ದರೂ ಹದಿನಾಲ್ಕರಲ್ಲಿ ಒಂದು ಪಾಲಿನ ಕೆಲಸವನ್ನಷ್ಟೇ ಮಾಡುತ್ತಿರುತ್ತದೆ. ನಿಮ್ಮ ಕಾಟಾದ ಅಂಕಿ ಅಲುಗಾಡದೆ ನಿಂತದ್ದು ಇದರಿಂದಲೇ.

ಆದ್ದರಿಂದ ದ್ರವವನ್ನು ದ್ರವವಾಗಿಯೇ ಹೊರತೆಗೆಯಬೇಕು, ಕೊನೆಗೆ ಉಳಿದ ಆವಿಯನ್ನಷ್ಟೇ ಆವಿಯಾಗಿ ಎಳೆಯಬೇಕು. ನಮ್ಮ ಕಡೆ ಇದನ್ನು ಪುಶ್-ಪುಲ್ ಎನ್ನುತ್ತಾರೆ. ಅದನ್ನು ಹಚ್ಚುವ ಕ್ರಮವನ್ನು ವಿವರವಾಗಿ ಬರೆಯುತ್ತೇನೆ, ಆದರೆ ಮೊದಲು ಎರಡು ವಿಷಯ ತಿಳಿಸಿ: ರಿಸೀವರಿನ ಮೇಲ್ಭಾಗದಲ್ಲಿ ಆವಿಯ ಕಡೆಗೆ ತೆರೆಯುವ ವಾಲ್ವ್ ಇದೆಯೆ? ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್ ನೀರಿನದೋ ಗಾಳಿಯದೋ?

ಈ ನಡುವೆ ಹೋಸ್‌ಗಳನ್ನು ಬದಲಾಯಿಸಿಕೊಳ್ಳಿ. ಕಾಲು ಇಂಚಿನ ಉದ್ದನೆಯ ಹೋಸ್, ಅದರ ತುದಿಯಲ್ಲಿ ಪಿನ್ ಒತ್ತುವ ಮೂತಿ, ಪೋರ್ಟಿನೊಳಗೆ ಸೂಜಿಯಂಥ ಶ್ರೇಡರ್ ಕೋರ್, ನಡುವೆ ಮ್ಯಾನಿಫೋಲ್ಡಿನ ಸಣ್ಣ ತೂತುಗಳು, ಇವೆಲ್ಲವೂ ದಾರಿಯಲ್ಲಿ ನಿಂತ ಸುಂಕದಕಟ್ಟೆಗಳಿದ್ದಂತೆ. ಕೋರ್ ತೆಗೆಯುವ ಸಾಧನದಿಂದ ಕೋರ್‌ಗಳನ್ನು ಹೊರತೆಗೆಯಿರಿ, ಮ್ಯಾನಿಫೋಲ್ಡನ್ನು ದಾರಿಯಿಂದ ತೆಗೆದು ಗೇಜನ್ನು ಪಕ್ಕದ ಕವಲಿಗೆ ಹಚ್ಚಿ, ಮೂರು ಸೂತಿನ (ಒಂದು ಸೂತು ಎಂದರೆ ಇಂಚಿನ ಎಂಟನೆಯ ಒಂದು ಪಾಲು) ಗಿಡ್ಡ ಹೋಸ್‌ಗಳನ್ನು ಬಳಸಿರಿ. ಎರಡು ಸೂತಿನಿಂದ ಮೂರು ಸೂತಿಗೆ ಹೋದರೆ ಅಗಲ ಒಂದೂವರೆ ಪಟ್ಟಾಗುತ್ತದೆ, ಆದರೆ ಅದೇ ಒತ್ತಡದ ವ್ಯತ್ಯಾಸದಲ್ಲಿ ಹರಿವು ಎರಡೂವರೆ ಪಟ್ಟಿಗೂ ಮಿಗಿಲಾಗುತ್ತದೆ. ನಾನು ಕಂಡಂತೆ ಹೋಸ್‌ಗೆ ಹಾಕಿದ ಹಣದಷ್ಟು ಬೇಗ ಮರಳಿ ಬರುವ ಖರ್ಚು ಈ ಕೆಲಸದಲ್ಲಿ ಇನ್ನೊಂದಿಲ್ಲ.

ಘಟಪ್ರಭಾ ತೀರ (ಉತ್ತರ)

ಬೆಳಗಾವಿಯ ಮಿತ್ರರ ಮಾತು ಸರಿಯಾಗಿದೆ, ಆದರೆ ಅದಕ್ಕೂ ಮೊದಲಿನ ಒಂದು ಹೆಜ್ಜೆಯನ್ನು ಅವರು ಬಿಟ್ಟಿದ್ದಾರೆ. ನಾನು ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆಗಳಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ತಮ್ಮಾ, ಆ ದೊಡ್ಡ ಸರ್ಕ್ಯೂಟಿನ ಕಂಪ್ರೆಸರ್ ಇನ್ನೂ ಓಡುತ್ತದೆಯೆ? ಓಡುವುದಾದರೆ ನಿನ್ನ ಕೈಯಲ್ಲಿರುವ ಅತ್ಯಂತ ದೊಡ್ಡ ರಿಕವರಿ ಮಷಿನ್ ಅದೇ. ಅದನ್ನು ನಿಲ್ಲಿಸಿ ಮೂಲೆಗೆ ತಳ್ಳಿ, ಕೈಚೀಲದಷ್ಟಿರುವ ಮಷಿನ್ನಿನಿಂದ ಇಡೀ ಕಟ್ಟಡದ ಪೈಪುಗಳಲ್ಲಿ ಹರಡಿದ ಗ್ಯಾಸನ್ನು ಎಳೆಯುವುದು ಹೊಲದ ಬಾವಿಗೆ ಪಂಪ್‌ಸೆಟ್ ಇರುವಾಗ ಚೊಂಬಿನಿಂದ ನೀರು ಮೊಗೆದಂತೆ.

ರಿಸೀವರಿನ ದ್ರವದ ಹೊರದಾರಿಯ ವಾಲ್ವನ್ನು ಮುಚ್ಚು. ಕಂಡೆನ್ಸರಿಗೆ ಗಾಳಿ ಅಥವಾ ನೀರು ಚೆನ್ನಾಗಿ ಹರಿಯುತ್ತಿರಲಿ, ಕೊಠಡಿಗಳ ಕಾಯಿಲ್ ಫ್ಯಾನುಗಳೂ ಓಡುತ್ತಿರಲಿ. ಕೊಠಡಿ ಖಾಲಿಯಿದ್ದರೆ ಬಾಗಿಲು ತೆರೆದಿಡು. ಹೊರಗಿನ ಬಿಸಿ ಗಾಳಿ ಒಳಗೆ ಬಂದಷ್ಟೂ ಕಾಯಿಲಿನಲ್ಲಿ ಕೂತ ದ್ರವ ಬೇಗ ಕುದಿದು ಮೇಲೇಳುತ್ತದೆ. ಕಂಪ್ರೆಸರ್ ಆ ಗ್ಯಾಸನ್ನು ಎಳೆದು ದ್ರವ ಮಾಡಿ ರಿಸೀವರಿಗೆ ತುಂಬುತ್ತದೆ. ಅರ್ಧ ತಾಸಿನಲ್ಲಿ ಹೆಚ್ಚಿನ ಮಾಲೆಲ್ಲ ಒಂದೇ ಪಾತ್ರೆಗೆ ಬಂದು ಕೂಡುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ, ಮೂರನ್ನೂ ನಾನು ಪೆಟ್ಟು ತಿಂದೇ ಕಲಿತಿದ್ದೇನೆ. ಹೀಗೆ ಗ್ಯಾಸನ್ನೆಲ್ಲ ರಿಸೀವರಿಗೆ ಕೂಡಿಸುವ ಪಂಪ್‌ಡೌನ್ ಮಾಡುವಾಗ ಲಿಕ್ವಿಡ್ ಲೈನಿನ (ದ್ರವದ ಪೈಪಿನ) ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ತಾನಾಗಿ ಮುಚ್ಚಿಕೊಂಡರೆ ಅದಕ್ಕೂ ರಿಸೀವರ್ ವಾಲ್ವಿಗೂ ನಡುವಿನ ಪೈಪಿನಲ್ಲಿ ದ್ರವ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಕಡೆ ಮುಚ್ಚಿದ ಪೈಪಿನಲ್ಲಿ ತುಂಬಿ ನಿಂತ ದ್ರವಕ್ಕೆ ಬಿಸಿಲು ತಾಗಿದರೆ ಪೈಪೇ ಒಡೆಯಬಹುದು. ಹಾಗಾಗಿ ಸೊಲೆನಾಯ್ಡನ್ನು ಅಯಸ್ಕಾಂತದಿಂದಲೋ ಕೈಯಿಂದ ತೆರೆಯುವ ತಿರುಪಿನಿಂದಲೋ ತೆರೆದೇ ಇಡು. ಎರಡನೆಯದಾಗಿ, ರಿಸೀವರ್ ಅಷ್ಟೂ ಗ್ಯಾಸನ್ನು ಹಿಡಿಯುವಷ್ಟು ದೊಡ್ಡದಿದೆಯೋ ಇಲ್ಲವೋ ಅದರ ಫಲಕ ನೋಡಿ ಲೆಕ್ಕ ಹಾಕು, ಹೆಡ್ ಪ್ರೆಶರಿನ (ಕಂಪ್ರೆಸರಿನ ಹೊರದಾರಿಯ ಒತ್ತಡದ) ಗೇಜಿನಿಂದ ಕಣ್ಣು ತೆಗೆಯಬೇಡ. ಮೂರನೆಯದಾಗಿ, ಬೆಲ್ಟಿನಿಂದ ಓಡುವ ಹಳೆಯ ಓಪನ್ ಕಂಪ್ರೆಸರ್ ಆಗಿದ್ದರೆ ಸಕ್ಷನ್ ಒತ್ತಡವನ್ನು ವ್ಯಾಕ್ಯೂಮಿಗೆ (ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ) ಇಳಿಸಬೇಡ. ಎರಡು ಪಿಎಸ್‌ಐ (ಗೇಜು ತೋರಿಸುವ ಒತ್ತಡದ ಅಳತೆ) ಹತ್ತಿರ ಬಂದಾಗ ನಿಲ್ಲಿಸು. ಶಾಫ್ಟ್ ಸೀಲಿನಿಂದ ಹೊರಗಿನ ಗಾಳಿ ಒಳಗೆ ನುಗ್ಗಿದರೆ ಅದು ಘನೀಭವಿಸದೆ ಮುಂದೆ ಎಲ್ಲ ಕೆಲಸವನ್ನೂ ತಡೆಯುತ್ತದೆ, ಗ್ಯಾಸೂ ಕೆಡುತ್ತದೆ.

ವಿಜಯಪುರದ ಶೈತ್ಯಮಿತ್ರ

ಇಬ್ಬರಿಗೂ ಋಣಿಯಾಗಿದ್ದೇನೆ. ಹಿರಿಯರು ಕೇಳಿದ ಕಂಪ್ರೆಸರ್ ಓಪನ್ ಮಾದರಿಯದು, ಇಂದಿಗೂ ಓಡುತ್ತದೆ. ಕಂಡೆನ್ಸರ್ ನೀರಿನದು, ಹೊರಗೆ ಕೂಲಿಂಗ್ ಟವರ್ ಇದೆ. ರಿಸೀವರಿನ ಮೇಲ್ಭಾಗದಲ್ಲಿ ಗಾಳಿ ಬಿಡುವುದಕ್ಕೆಂದು ಇಟ್ಟ ಒಂದು ವಾಲ್ವ್ ಇದೆ, ಅದು ಆವಿಯ ಜಾಗಕ್ಕೇ ತೆರೆಯುತ್ತದೆ. ಚಿಕ್ಕ ಸರ್ಕ್ಯೂಟಿನ ಕಂಪ್ರೆಸರ್ ಮೊದಲೇ ಸುಟ್ಟಿದ್ದರಿಂದ ಪಂಪ್‌ಡೌನ್ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ದೊಡ್ಡದರಲ್ಲಿ ಅದನ್ನು ಖಂಡಿತ ಮಾಡುತ್ತೇನೆ. ಪುಶ್-ಪುಲ್ ಹಚ್ಚುವ ಕ್ರಮವನ್ನು ದಯವಿಟ್ಟು ಬಿಡಿಸಿ ಬರೆಯಿರಿ. ನಾನು ಅದರ ಬಗ್ಗೆ ಕೇಳಿದ್ದೇನೆ, ಆದರೆ ಮಾಡಿದವರ ಜೊತೆ ನಿಂತು ನೋಡಿಲ್ಲ.

ಬೆಳಗಾವಿ ಚಿಲ್ಲರ್

ಹಿರಿಯರು ಹೇಳಿದ ಪಂಪ್‌ಡೌನ್ ನಿಜಕ್ಕೂ ಮೊದಲ ಹೆಜ್ಜೆ. ನಾನು ಹೆಚ್ಚಾಗಿ ಕೆಟ್ಟುನಿಂತ, ನೀರು ತಣಿಸುವ ಚಿಲ್ಲರ್‌ಗಳ ಮೇಲೆಯೇ ಕೆಲಸ ಮಾಡುವುದರಿಂದ ಅದು ನನ್ನ ನೆನಪಿಗೆ ಬರಲಿಲ್ಲ.

ಪುಶ್-ಪುಲ್‌ನಲ್ಲಿ ಮೂರು ಹೋಸ್‌ಗಳಿರುತ್ತವೆ. ಮೊದಲನೆಯದು ರಿಸೀವರಿನ ದ್ರವದ ವಾಲ್ವಿನಿಂದ ಹೊರಟು, ನಡುವೆ ಒಳಗಿನ ಹರಿವು ಕಾಣುವ ಒಂದು ಸೈಟ್ ಗ್ಲಾಸಿನ ಮೂಲಕ, ರಿಕವರಿ ಸಿಲಿಂಡರಿನ ದ್ರವದ ವಾಲ್ವಿಗೆ ಸೇರುತ್ತದೆ. ಎರಡನೆಯದು ಸಿಲಿಂಡರಿನ ಆವಿಯ ವಾಲ್ವಿನಿಂದ ರಿಕವರಿ ಮಷಿನ್ನಿನ ಒಳದಾರಿಗೆ. ಮೂರನೆಯದು ಮಷಿನ್ನಿನ ಹೊರದಾರಿಯಿಂದ ರಿಸೀವರಿನ ಮೇಲ್ಭಾಗದ ಆವಿಯ ವಾಲ್ವಿಗೆ. ಮಷಿನ್ ಸಿಲಿಂಡರಿನಿಂದ ಆವಿಯನ್ನು ಎಳೆದು ಅಲ್ಲಿಯ ಒತ್ತಡವನ್ನು ಇಳಿಸುತ್ತದೆ, ಅದೇ ಆವಿಯನ್ನು ರಿಸೀವರಿನ ತಲೆಯ ಮೇಲೆ ಒತ್ತುತ್ತದೆ. ನಡುವೆ ದ್ರವವು ಒತ್ತಿದ ಕಡೆಯಿಂದ ಎಳೆದ ಕಡೆಗೆ ತಾನಾಗಿ ಹರಿಯುತ್ತದೆ. ದ್ರವ ಮಷಿನ್ನಿನ ಮೂಲಕ ಹೋಗುವುದೇ ಇಲ್ಲ, ಕುದಿಯುವ ಅಗತ್ಯವೂ ಇಲ್ಲ. ಮಷಿನ್ನಿನ ಅಳತೆ ಇಲ್ಲಿ ದೊಡ್ಡ ಮಾತಾಗದಿರುವುದು ಇದೇ ಕಾರಣಕ್ಕೆ.

ಸಿಲಿಂಡರುಗಳನ್ನು ಮೊದಲೇ ವ್ಯಾಕ್ಯೂಮ್ ಮಾಡಿ, ಐಸ್ ಹಾಕಿದ ನೀರಿನ ತೊಟ್ಟಿಯಲ್ಲಿ ಇಟ್ಟು ತಣಿಸಿರಿ. ನಿಮ್ಮಲ್ಲಿ ಐಸ್ ಫ್ಯಾಕ್ಟರಿಯ ಗಡ್ಡೆಗಳು ಸುಲಭವಾಗಿ ಸಿಗುತ್ತವೆ. ರಿಸೀವರ್ 30 ಡಿಗ್ರಿಯಲ್ಲಿದ್ದರೆ ಅದರೊಳಗೆ ಸುಮಾರು 158 ಪಿಎಸ್‌ಐ ಇರುತ್ತದೆ. ಸಿಲಿಂಡರ್ 5 ಡಿಗ್ರಿಗೆ ಬಂದರೆ ಅದರಲ್ಲಿ 70. ಈ 88 ಪಿಎಸ್‌ಐ ವ್ಯತ್ಯಾಸವೊಂದೇ ಮಷಿನ್ ಚಾಲೂ ಮಾಡುವುದಕ್ಕಿಂತ ಮೊದಲೇ ಬಹಳಷ್ಟು ದ್ರವವನ್ನು ಸಿಲಿಂಡರಿಗೆ ಇಳಿಸುತ್ತದೆ. ಹರಿವು ಮಂದವಾದಾಗ ಮಷಿನ್ ಹಚ್ಚಿದರೆ ಸಾಕು. ಸೈಟ್ ಗ್ಲಾಸಿನಲ್ಲಿ ದ್ರವ ತುಂಡುತುಂಡಾಗಿ ಗುಳ್ಳೆಗಳೇ ಹೆಚ್ಚಾದಾಗ, ತೂಕ ಏರುವುದು ನಿಂತಾಗ, ದ್ರವ ಮುಗಿಯಿತೆಂದು ತಿಳಿದು ಹೋಸ್‌ಗಳನ್ನು ಸಾಮಾನ್ಯ ಆವಿ ರಿಕವರಿಯ ಕ್ರಮಕ್ಕೆ ಬದಲಾಯಿಸಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಪುಶ್-ಪುಲ್‌ನಲ್ಲಿ ಸಿಲಿಂಡರ್ ತುಂಬುವ ವೇಗ ನೀವು ಊಹಿಸಿದ್ದಕ್ಕಿಂತ ಹೆಚ್ಚಾಗಿರುತ್ತದೆ. ಸಿಲಿಂಡರಿನೊಳಗಿನ ಫ್ಲೋಟ್ ಸ್ವಿಚ್ ಮಷಿನನ್ನು ನಿಲ್ಲಿಸಬಹುದು, ಆದರೆ ಮಷಿನ್ ನಿಂತ ಮೇಲೂ ದ್ರವ ಹರಿಯುತ್ತಲೇ ಇರುತ್ತದೆ, ಏಕೆಂದರೆ ಅದನ್ನು ಹರಿಸುತ್ತಿರುವುದು ಒತ್ತಡದ ವ್ಯತ್ಯಾಸ. ಆದ್ದರಿಂದ ಒಬ್ಬ ಮನುಷ್ಯ ಕಾಟಾದ ಮುಂದೆ, ವಾಲ್ವಿನ ಮೇಲೆ ಕೈಯಿಟ್ಟು, ಬೇರೆ ಯಾವ ಕೆಲಸವೂ ಇಲ್ಲದೆ ಕೂತಿರಬೇಕು. ಅವನನ್ನು ಚಹಾ ತರಲು ಕಳಿಸಬೇಡಿ.

ಸಿಲಿಂಡರಿಗೆ ಎಷ್ಟು ತುಂಬಬಹುದೆಂಬುದನ್ನು ಅದರ ಮೇಲೆ ಒತ್ತಿದ ನೀರಿನ ಅಳತೆಯಿಂದ ಲೆಕ್ಕ ಹಾಕಬೇಕು. 60 ಲೀಟರ್ ನೀರು ಹಿಡಿಯುವ ಸಿಲಿಂಡರ್ ಎಂದಿಟ್ಟುಕೊಳ್ಳಿ. ಅದರ ನೂರಕ್ಕೆ 80 ಪಾಲು ಎಂದರೆ 48 ಲೀಟರ್. 25 ಡಿಗ್ರಿಯಲ್ಲಿ ಆರ್-22 ದ್ರವ ಲೀಟರಿಗೆ 1.19 ಕಿಲೋ ತೂಗುವುದರಿಂದ 57 ಕಿಲೋ ಆಯಿತು. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಜಾಗವಿದೆಯಲ್ಲ ಎಂದು ಯಾರಾದರೂ 68 ಕಿಲೋ ತುಂಬಿದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ, ಸುಮಾರು ಮೂರು ಲೀಟರ್ ಜಾಗ ಇನ್ನೂ ಖಾಲಿಯೇ ಇರುತ್ತದೆ. ಆದರೆ ದ್ರವ ಬಿಸಿಯಾದಂತೆ ಹಿಗ್ಗುತ್ತದೆ. 40 ಡಿಗ್ರಿಗೆ ಬಂದಾಗ ಅದೇ 68 ಕಿಲೋಗೆ 60 ಲೀಟರ್ ಪೂರ್ತಿ ಬೇಕಾಗುತ್ತದೆ. ಆಮೇಲೆ ಹಿಗ್ಗಲು ಜಾಗವೇ ಇಲ್ಲದೆ ಒಂದೊಂದು ಡಿಗ್ರಿಗೂ ಒತ್ತಡ ಭಯಂಕರವಾಗಿ ಏರುತ್ತದೆ. ವಿಜಯಪುರದ ಬೇಸಿಗೆಯಲ್ಲಿ, ಟೆಂಪೊದ ತೆರೆದ ಹಿಂಬದಿಯಲ್ಲಿ ಇಟ್ಟ ಸಿಲಿಂಡರಿಗೆ 40 ಡಿಗ್ರಿ ದೂರದ ಮಾತಲ್ಲ.

190 ಕಿಲೋಗೆ ಅಂಥ ನಾಲ್ಕು ಸಿಲಿಂಡರುಗಳು ಬೇಕು. ಐದನೆಯದೊಂದು ಖಾಲಿ ಇರಲಿ. ಒಮ್ಮೆ ಬಳಸಿ ಎಸೆಯುವ ತೆಳು ಡಬ್ಬಿಗಳಿಗೆ ಎಂದಿಗೂ ತುಂಬಬೇಡಿ. ಮರುಬಳಕೆಗೆ ಒಪ್ಪಿಗೆಯ ಮುದ್ರೆಯುಳ್ಳ, ಪರೀಕ್ಷೆಯ ಅವಧಿ ಮೀರದ ಸಿಲಿಂಡರುಗಳೇ ಆಗಬೇಕು.

ಕಲಿಯುತ್ತಿರುವ ಹುಡುಗ, ಬಾಗಲಕೋಟೆ

ಹಿರಿಯರಿಗೆಲ್ಲ ನಮಸ್ಕಾರಗಳು. ನಾನು ಐಟಿಐನಲ್ಲಿ ಎರಡನೆಯ ವರ್ಷ ಓದುತ್ತಿದ್ದೇನೆ. ನಮ್ಮ ಕಡೆಯ ಕೆಲವು ಶೀತಲಗೃಹಗಳಲ್ಲಿ ಅಮೋನಿಯಾ ಇರುತ್ತದೆ. ಇದೇ ಮಷಿನ್ನಿನಿಂದ, ಇದೇ ಕ್ರಮದಲ್ಲಿ ಅದನ್ನೂ ರಿಕವರಿ ಮಾಡಬಹುದೆ? ಇನ್ನೊಂದು ಸಂದೇಹ: ಹಿಮ ಕಟ್ಟಿದ ರಿಸೀವರನ್ನು ಬೇಗ ಬೆಚ್ಚಗೆ ಮಾಡಲು ಬ್ಲೋ ಲ್ಯಾಂಪ್ ಬಳಸಿದ್ದನ್ನು ನಾನು ನೋಡಿದ್ದೇನೆ. ಅದು ಸರಿಯೆ?

ಘಟಪ್ರಭಾ ತೀರ

ಎರಡಕ್ಕೂ ಉತ್ತರ ಒಂದೇ ಮಗಾ, ಬೇಡ.

ಈ ಮಷಿನ್ನುಗಳಲ್ಲಿಯೂ ಹೋಸ್‌ಗಳ ತುದಿಗಳಲ್ಲಿಯೂ ತಾಮ್ರ, ಹಿತ್ತಾಳೆ ಇರುತ್ತವೆ. ತೇವ ಸೇರಿದ ಅಮೋನಿಯಾ ಅವನ್ನು ತಿಂದುಹಾಕುತ್ತದೆ. ಅಮೋನಿಯಾ ಓಝೋನಿಗೆ ಕೇಡು ಮಾಡದ ಅನಿಲವಾದರೂ ಮನುಷ್ಯನ ಕಣ್ಣಿಗೂ ಪುಪ್ಪುಸಕ್ಕೂ ತೀರ ಅಪಾಯಕಾರಿ. ಅದಕ್ಕೆ ಬೇರೆ ಉಪಕರಣ, ಬೇರೆ ಮುಖವಾಡ, ಬೇರೆ ತರಬೇತಿ ಬೇಕು.

ಬೆಂಕಿಯನ್ನಂತೂ ರಿಸೀವರಿನ ಹತ್ತಿರ ತರಬಾರದು. ಬೆಂಕಿ ತಾಗಿದ ಒಂದು ಕಡೆ ಲೋಹ ವಿಪರೀತ ಕಾಯುತ್ತದೆ, ಉಳಿದ ಕಡೆ ತಣ್ಣಗೇ ಇರುತ್ತದೆ, ಒಳಗಿನ ಒತ್ತಡ ಎಷ್ಟಾಯಿತೆಂದು ಹೊರಗಿನವನಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಸೋರಿದ ಆರ್-22 ಜ್ವಾಲೆಯಲ್ಲಿ ಒಡೆದು ವಿಷಾನಿಲಗಳಾಗುತ್ತದೆ ಎಂಬುದೂ ನಿನ್ನ ನೆನಪಿನಲ್ಲಿರಲಿ. ಬೆಚ್ಚಗೆ ಮಾಡಬೇಕೆಂದರೆ ಉಗುರುಬೆಚ್ಚಗಿನ ನೀರು ಸುರಿ. ಕಂಡೆನ್ಸರಿನಲ್ಲಿ ನೀರು ಹರಿಸು, ಕಾಯಿಲಿಗೆ ಫ್ಯಾನ್ ಹಚ್ಚು, ಕಂಪ್ರೆಸರಿನ ಎಣ್ಣೆ ಕಾಯಿಸುವ ಕ್ರ್ಯಾಂಕ್‌ಕೇಸ್ ಹೀಟರ್ ಇದ್ದರೆ ಅದನ್ನು ಚಾಲೂ ಮಾಡು.

ಬೆಳಗಾವಿ ಚಿಲ್ಲರ್

ಹಿರಿಯರು ಕಂಡೆನ್ಸರಿನಲ್ಲಿ ನೀರು ಹರಿಸುವ ಮಾತೆತ್ತಿದ್ದು ಒಳ್ಳೆಯದಾಯಿತು, ಅದರ ಬಗ್ಗೆ ನಾನು ಬರೆಯಲೇಬೇಕಾಗಿತ್ತು. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕಟ್ಟಡದ ಆರ್-134ಎ (ಇನ್ನೊಂದು ಬಗೆಯ ತಂಪುಗ್ಯಾಸ್) ಚಿಲ್ಲರಿನಿಂದ ಗ್ಯಾಸ್ ತೆಗೆಯುವಾಗ ನಾವು ನೀರಿನ ಪಂಪುಗಳನ್ನು ನಿಲ್ಲಿಸಿದ್ದೆವು. ಗ್ಯಾಸ್ ಹೋಗುತ್ತಿದೆ, ನೀರೇಕೆ ಬೇಕು ಎಂಬುದು ನಮ್ಮ ತಿಳಿವಳಿಕೆಯಾಗಿತ್ತು. ಒಳಗೆ ಇನ್ನೂ ದ್ರವವಿತ್ತು, ಒತ್ತಡ 28 ಪಿಎಸ್‌ಐಗಿಂತ ಕೆಳಗಿಳಿಯಿತು. ಆರ್-134ಎ ಮಟ್ಟಿಗೆ 28 ಎಂದರೆ ಸೊನ್ನೆ ಡಿಗ್ರಿ. ಅದಕ್ಕಿಂತ ಕೆಳಗಿಳಿದಾಗ ಟ್ಯೂಬುಗಳಲ್ಲಿ ನಿಂತಿದ್ದ ನೀರು ಹೆಪ್ಪುಗಟ್ಟಿ ಎರಡು ಟ್ಯೂಬುಗಳು ಸೀಳಿಹೋದವು. ಗ್ಯಾಸ್ ತೆಗೆಯಲು ಹೋದವರು ಚಿಲ್ಲರನ್ನೇ ಕೆಡಿಸಿ ಬಂದೆವು. ಆ ತಪ್ಪು ಪೂರ್ತಿಯಾಗಿ ನಮ್ಮದೇ.

ಆರ್-22ಗೆ ಆ ಅಂಕಿ ಸುಮಾರು 58 ಪಿಎಸ್‌ಐ. ನಿಮ್ಮದು ನೀರಿನ ಕಂಡೆನ್ಸರ್ ಆದ್ದರಿಂದ ಒಳಗೆ ದ್ರವವಿದ್ದು ಒತ್ತಡ 58ಕ್ಕಿಂತ ಕೆಳಗೆ ಹೋಗುವ ಸಂಭವವಿರುವಷ್ಟು ಹೊತ್ತೂ ಕೂಲಿಂಗ್ ಟವರಿನ ಪಂಪ್ ಓಡುತ್ತಲೇ ಇರಬೇಕು. ಇದರಿಂದ ಟ್ಯೂಬುಗಳೂ ಉಳಿಯುತ್ತವೆ, ಟವರಿನ ನೀರು ತನ್ನ ಉಷ್ಣವನ್ನು ಕೊಡುತ್ತ ಹೋಗುವುದರಿಂದ ಉಳಿದ ದ್ರವವೂ ಬೇಗ ಆವಿಯಾಗುತ್ತದೆ. ಪಂಪ್ ಓಡಿಸಲು ಸಾಧ್ಯವಿಲ್ಲದಿದ್ದರೆ ಕಂಡೆನ್ಸರಿನ ನೀರನ್ನು ಪೂರ್ತಿ ಬಸಿದುಬಿಡಿ.

ಎಣ್ಣೆಯ ವಿಷಯವನ್ನೂ ಸೇರಿಸುತ್ತೇನೆ. ಗೇಜ್ ಸೊನ್ನೆಗೆ ಬಂದಿತೆಂದು ಹೋಸ್ ಕಳಚಬೇಡಿ. ಕಂಪ್ರೆಸರಿನ ಎಣ್ಣೆಯಲ್ಲಿ ಕರಗಿ ಕುಳಿತ ಗ್ಯಾಸ್ ನಿಧಾನವಾಗಿ ಮೇಲೇಳುತ್ತದೆ. ಮಷಿನ್ ನಿಲ್ಲಿಸಿ ಅರ್ಧ ತಾಸು ಬಿಟ್ಟರೆ ಗೇಜ್ ಮತ್ತೆ ಏರುವುದು ಕಾಣುತ್ತದೆ. ಏರಿದರೆ ಮತ್ತೆ ಎಳೆಯಿರಿ. ಅಮೆರಿಕದ ನಿಯಮದಲ್ಲಿ 200 ಪೌಂಡ್, ಅಂದರೆ ಸುಮಾರು 91 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಆರ್-22 ಇರುವ ಯಂತ್ರಗಳನ್ನು 10 ಇಂಚು ವ್ಯಾಕ್ಯೂಮಿನವರೆಗೆ (ಗೇಜಿನ ಸೊನ್ನೆಗಿಂತ 10 ಇಂಚು ಪಾದರಸದಷ್ಟು ಕೆಳಗೆ) ಎಳೆಯಬೇಕೆಂದಿದೆ. ಅದನ್ನೇ ಗುರಿಯಾಗಿ ಇಟ್ಟುಕೊಂಡರೆ ಕೆಲಸ ಸ್ವಚ್ಛವಾಗುತ್ತದೆ. ಆದರೆ ಹಿರಿಯರು ಹೇಳಿದ ಶಾಫ್ಟ್ ಸೀಲ್ ಇಲ್ಲಿಯೂ ಗಾಳಿ ಎಳೆಯಬಹುದು, ಕೊನೆಯ ಹಂತದಲ್ಲಿ ಅದರ ಮೇಲೆ ನಿಗಾ ಇರಲಿ.

ಕೊನೆಯದಾಗಿ, ಮಷಿನ್ನಿಗೆ ವಿದ್ಯುತ್ ಕೊಡುವ ತಂತಿಯನ್ನು ನೋಡಿ. ತೆಳುವಾದ ಉದ್ದನೆಯ ಎಕ್ಸ್‌ಟೆನ್ಶನ್‌ನಿಂದ ವೋಲ್ಟೇಜ್ ಇಳಿದು ಮೋಟರ್ ಕಾಯುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಮಷಿನ್ ನೆರಳಿನಲ್ಲಿರಲಿ, ಅದರ ಒಳದಾರಿಗೆ ತೇವ, ಕಸ ಹಿಡಿಯುವ ಒಂದು ಹೊಸ ಫಿಲ್ಟರ್ ಡ್ರೈಯರ್ ಇರಲಿ. ಚಿಕ್ಕ ಸರ್ಕ್ಯೂಟಿನ ಕಂಪ್ರೆಸರ್ ಸುಟ್ಟಿತ್ತು ಎಂದಿದ್ದೀರಿ. ಹಾಗಿದ್ದರೆ ಆ 70 ಕಿಲೋದಲ್ಲಿ ಆಮ್ಲ ಸೇರಿರಬಹುದು, ಆಗ ಬಳಸಿದ ಹಳೆಯ ಡ್ರೈಯರ್ ಅರ್ಧ ಕಟ್ಟಿಕೊಂಡಿರಲೂಬಹುದು. ಆ ಗ್ಯಾಸನ್ನು ದೊಡ್ಡ ಸರ್ಕ್ಯೂಟಿನ ಒಳ್ಳೆಯ ಗ್ಯಾಸಿನೊಂದಿಗೆ ಯಾವ ಕಾರಣಕ್ಕೂ ಕೂಡಿಸಬೇಡಿ.

ವಿಜಯಪುರದ ಶೈತ್ಯಮಿತ್ರ

ಎಲ್ಲರಿಗೂ ಶರಣು. ಕೆಲಸ ನಿನ್ನೆ ಮುಗಿಯಿತು. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ, ಮುಂದೆ ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲಿ.

ಬೆಳಿಗ್ಗೆ ಆರೂವರೆಗೆ ಶುರು ಮಾಡಿದೆವು. ಹಿಂದಿನ ಸಂಜೆಯೇ ಐದು ಸಿಲಿಂಡರುಗಳನ್ನು ವ್ಯಾಕ್ಯೂಮ್ ಮಾಡಿಟ್ಟಿದ್ದೆವು, ಪ್ರತಿಯೊಂದರ ಮೇಲೂ ಖಾಲಿ ತೂಕವನ್ನೂ ನಿಲ್ಲಿಸಬೇಕಾದ ತೂಕವನ್ನೂ ಬಣ್ಣದಲ್ಲಿ ಬರೆದಿದ್ದೆವು. ಕೊಠಡಿಗಳ ಬಾಗಿಲು ತೆರೆದು, ಸೊಲೆನಾಯ್ಡನ್ನು ತಿರುಪಿನಿಂದ ತೆರೆದಿಟ್ಟು, ಹಿರಿಯರು ಹೇಳಿದಂತೆ ಪಂಪ್‌ಡೌನ್ ಮಾಡಿದೆವು. ಅದಕ್ಕೆ ಮುಕ್ಕಾಲು ತಾಸು ಬೇಕಾಯಿತು, ಏಕೆಂದರೆ ನಿಲ್ಲಿಸಿದ ಮೇಲೆ ಸಕ್ಷನ್ ಒತ್ತಡ ಮತ್ತೆ ಮತ್ತೆ ಏರುತ್ತಿತ್ತು ಮತ್ತು ನಾವು ಮೂರು ಸಲ ಕಂಪ್ರೆಸರ್ ಚಾಲೂ ಮಾಡಬೇಕಾಯಿತು.

ಮೊದಲ ಸಿಲಿಂಡರಿಗೆ ಐಸ್ ನೀರಿನ ತಂಪಿನಿಂದಲೇ 20 ಕಿಲೋಗಿಂತ ಹೆಚ್ಚು ದ್ರವ ತಾನಾಗಿ ಇಳಿದದ್ದನ್ನು ನೋಡಿ ನಮ್ಮ ಹುಡುಗರಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಮಷಿನ್ ಹಚ್ಚಿದೆವು. ಸಿಲಿಂಡರ್ ಬದಲಾಯಿಸುವ ಸಮಯವನ್ನೂ ಸೇರಿಸಿ ಮೂರು ತಾಸಿನಲ್ಲಿ 158 ಕಿಲೋ ದ್ರವ ಹೊರಬಂದಿತು. ಎರಡನೆಯ ಸಿಲಿಂಡರಿನಲ್ಲಿ ಒಂದು ಆತಂಕದ ಗಳಿಗೆ ಬಂದಿತ್ತು. ಕರೆಂಟ್ ಹೋಯಿತು, ಮಷಿನ್ ನಿಂತಿತು, ಎಲ್ಲರೂ ಜನರೇಟರಿನ ಕಡೆಗೆ ಓಡಿದರು, ಆದರೆ ಕಾಟಾದ ಅಂಕಿ ಮಾತ್ರ ಏರುತ್ತಲೇ ಇತ್ತು. ಕಾಟಾದ ಮುಂದೆ ಕೂತಿದ್ದ ಹುಡುಗ ಜಾಗ ಬಿಟ್ಟು ಏಳದೆ ವಾಲ್ವ್ ಮುಚ್ಚಿದ. ಬೆಳಗಾವಿಯ ಅಣ್ಣನವರು ಬರೆದಿದ್ದನ್ನು ಅವನಿಗೆ ಹಿಂದಿನ ದಿನ ನಾನು ಓದಿ ಹೇಳಿದ್ದೆ.

ಆವಿಯ ಹಂತಕ್ಕೆ ಬಂದಾಗ ಟವರಿನ ಪಂಪ್ ಓಡಿಸುತ್ತಲೇ ಇದ್ದೆವು, ಎಲ್ಲಿಯೂ ಹಿಮ ಕಟ್ಟಲಿಲ್ಲ. ಕೊನೆಯ 23 ಕಿಲೋಗೆ ನಾಲ್ಕು ತಾಸಿಗೂ ಹೆಚ್ಚು ಹಿಡಿಯಿತು. ಅದರಲ್ಲಿ ಬಹುಪಾಲು ಸಮಯ ಎಣ್ಣೆಯೊಳಗಿನ ಗ್ಯಾಸ್ ಹೊರಡುವುದನ್ನು ಕಾಯುವುದರಲ್ಲಿಯೇ ಹೋಯಿತು. 10 ಇಂಚು ವ್ಯಾಕ್ಯೂಮಿಗೆ ಬಂದು ಅರ್ಧ ತಾಸು ಅಲ್ಲಿಯೇ ನಿಂತ ಮೇಲೆ ಹೋಸ್ ಕಳಚಿದೆವು. ಒಟ್ಟು 181 ಕಿಲೋ ಸಿಕ್ಕಿತು. ವಹಿಯ ಲೆಕ್ಕಕ್ಕೆ 9 ಕಿಲೋ ಕಡಿಮೆ. ಅದು ಹಿಂದಿನ ವರ್ಷಗಳ ಸೋರಿಕೆಯೇ ಇರಬೇಕು, ಎವಾಪರೇಟರಿನ (ಕೊಠಡಿಯ ಕಾಯಿಲಿನ) ಒಂದು ಫ್ಲೇರ್ ನಟ್ಟಿನ ಸುತ್ತ ಎಣ್ಣೆಯ ಜಿಡ್ಡು ಕಂಡಿತು. ಮಷಿನ್ ಹಳೆಯದೇ. ಹೊಸದಾಗಿ ಕೊಂಡದ್ದು ಮೂರು ಸೂತಿನ ಮೂರು ಹೋಸ್, ಕೋರ್ ತೆಗೆಯುವ ಎರಡು ಸಾಧನ, ಒಂದು ಸೈಟ್ ಗ್ಲಾಸ್ ಮತ್ತು ಡ್ರೈಯರ್ ಮಾತ್ರ.

ಸುಟ್ಟ ಕಂಪ್ರೆಸರಿನ 70 ಕಿಲೋವನ್ನು ಬೇರೆ ಚೀಟಿ ಅಂಟಿಸಿ ಬೇರೆಯೇ ಇಟ್ಟಿದ್ದೇನೆ. ಅದನ್ನು ಶುದ್ಧೀಕರಣಕ್ಕೆ ಕಳಿಸುವ ಮೊದಲು ಸಿಲಿಂಡರಿನಲ್ಲಿಯೇ ಆಮ್ಲದ ಪರೀಕ್ಷೆ ಮಾಡಿಕೊಳ್ಳಬೇಕೆ, ಅಥವಾ ಅದನ್ನು ಅಲ್ಲಿಯವರಿಗೇ ಬಿಡುವುದು ಸರಿಯೆ?

ಘಟಪ್ರಭಾ ತೀರ

ಒಳ್ಳೆಯ ಕೆಲಸ ಮಾಡಿದೆ ತಮ್ಮಾ. ಕಾಟಾದ ಮುಂದೆ ಕೂತ ಆ ಹುಡುಗನಿಗೆ ನನ್ನ ಪರವಾಗಿ ಒಂದು ಶಾಬಾಸ್ ಹೇಳು. ಆಮ್ಲದ ಪರೀಕ್ಷೆಯನ್ನು ಅಲ್ಲಿಯವರು ಮಾಡಿಯೇ ಮಾಡುತ್ತಾರೆ. ನೀನು ಮಾಡಬೇಕಾದದ್ದು ಇಷ್ಟು: ಸುಟ್ಟ ಕಂಪ್ರೆಸರಿನದು ಎಂದು ಚೀಟಿಯ ಮೇಲೆ ಸ್ಪಷ್ಟವಾಗಿ ಬರೆ. ಸಿಲಿಂಡರನ್ನು ಒಂದು ರಾತ್ರಿ ನೆರಳಿನಲ್ಲಿ ಬಿಟ್ಟು, ಬೆಳಿಗ್ಗೆ ಅದರ ಒತ್ತಡವನ್ನೂ ಪಕ್ಕದ ಗಾಳಿಯ ಉಷ್ಣತೆಯನ್ನೂ ಅಳೆದು ಆರ್-22ರ ಒತ್ತಡ-ಉಷ್ಣತೆಯ ಕೋಷ್ಟಕದೊಂದಿಗೆ ಹೋಲಿಸು. 25 ಡಿಗ್ರಿಗೆ ಸುಮಾರು 137 ಪಿಎಸ್‌ಐ ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಗಾಳಿ ಸೇರಿದೆಯೆಂದು ತಿಳಿದು ಅದನ್ನೂ ಚೀಟಿಯಲ್ಲಿ ಬರೆದು ಕಳಿಸು.